ಜನಗಾಂವ್‌ನಲ್ಲಿ ಉಡಿ ತುಂಬಿದ್ದು

ಗಂಟಲಿನ ಆಪರೇಷನ್ ಆದ ಮೇಲೆ ಡಾಕ್ಟರು ನಮ್ಮ ಮನೆಯವರಿಗೆ ಮಾತಾಡುವುದನ್ನೇ ಬಂದ್ ಮಾಡಿಸಿದರು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು ಎಂದರು. ದಸರೆಯವರೆಗೆ ನೋಡೋಣ, ಆಮೇಲೆ ದನಿ ಎಷ್ಟು ಬರುತ್ತದೋ ಅಷ್ಟು ಎಂದು ಹೇಳಿ ಮುಂದಿನ ರೋಗಿಯನ್ನು ಕರೆದುಬಿಟ್ಟರು. ಆಗಿನ್ನೂ ಆಷಾಢ. ತೆಗೆದ ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ರಿಪೋರ್ಟು ಬಂದಿತ್ತಲ್ಲ, ಅದೇ ದೊಡ್ಡದು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಬನಶಂಕರಿ ತಾಯಿಗೆ ಕೈಮುಗಿದೆ. ಮುಂದಿನದು ಅಲ್ಲಿ ಹೊಳೆಯಲಿಲ್ಲ.

ಹೊಳೆದದ್ದು ಮನೆಗೆ ಬಂದು ಅವರ ಸೀರೆಯ ಗಂಟನ್ನು ನೋಡಿದಾಗ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಇವುಗಳ ಮಾದರಿಗಳನ್ನು ಹೈದರಾಬಾದಿನ ಒಂದು ಗೋದಾಮಿನಿಂದ ಗಂಟು ಕಟ್ಟಿಕೊಂಡು, ಕಾಜಿಪೇಟೆಯ ಕಡೆಯ ಊರುಗಳ ಅಂಗಡಿಗಳಿಗೆ ತೋರಿಸಿ ಆರ್ಡರು ಹಿಡಿದು ಬರುವುದು ಅವರ ಕೆಲಸ. ದಂಧೆಯವರು ಇದಕ್ಕೆ ಲೈನು ಎನ್ನುತ್ತಾರೆ. ಭೋನಗೀರ್, ಆಲೇರು, ಜನಗಾಂವ್, ಕಾಜಿಪೇಟೆ, ಇದು ನಮ್ಮವರ ಲೈನು. ಅವರು ಸೀರೆ ಬಿಚ್ಚುವುದಕ್ಕಿಂತ ಮೊದಲೇ ಮಾತು ಬಿಚ್ಚುತ್ತಿದ್ದರಂತೆ. ಮಾತೇ ಅವರ ಬಂಡವಾಳ.

ಗೋದಾಮಿನ ಸಾಹುಕಾರರು ನಮ್ಮ ಬಾಗಲಕೋಟೆ ಕಡೆಯವರು. ಕರೆಸಿಕೊಂಡು ಚಹಾ ಕೊಟ್ಟೇ ಹೇಳಿದರು.

"ತಂಗೀ, ಮಾತಿಲ್ಲದ ಮನಶ್ಯಾನ್ನ ಲೈನಿಗೆ ಕಳಿಸಿ ನಾ ಏನ್ ಮಾಡ್ಲಿ? ನಮ್ಮ ತಮ್ಮನ ಮಗ ಖಾಲಿ ಕುಂತಾನ. ದಸರಿ ತನಕ ಅಂವ ನೋಡ್ಕೊಳ್ಲಿ."

ದಸರೆಯ ತನಕ ಬೇರೆಯವರ ಕೈಗೆ ಹೋದ ಲೈನು ಆಮೇಲೆ ತಿರುಗಿ ಬರುವುದಿಲ್ಲ. ಇದು ನನಗೂ ಗೊತ್ತು, ನಮ್ಮವರಿಗೂ ಗೊತ್ತು, ಸಾಹುಕಾರರಿಗಂತೂ ಗೊತ್ತೇ ಇತ್ತು. ನಮ್ಮವರು ನೆಲ ನೋಡುತ್ತ ಕುಳಿತಿದ್ದರು. ನನ್ನ ಬಾಯಿಂದ ಅದು ಹೇಗೆ ಬಂತೋ.

"ನಾ ಹೋಗ್ತೀನ್ರಿ ಅವರ ಸಂಗಾಟ. ಅವರು ತೋರಸ್ಲಿ, ನಾ ಮಾತಾಡ್ತೀನಿ."

"ತೆಲುಗು ಬರ್ತೈತೇನ್ ನಿನಗ?"

"ಕಲೀತೀನ್ರಿ."

ಸಾಹುಕಾರರು ಚಹಾದ ಬಸಿ ಕೆಳಗಿಟ್ಟು ನಕ್ಕರು. "ಬಾಯಿ ಇಲ್ಲದಾಂವ, ಭಾಷಾ ಇಲ್ಲದಾಕಿ. ಭಾಳ ಛಲೋ ಜೋಡಿ ಐತಿ ಬಿಡು. ಆತು, ಈ ದಸರಿ ನೋಡೂಣು. ಜನಗಾಂವ್ ಅಂಗಡಿದು ಆರ್ಡರ್ ಬಂದ್ರ ಲೈನ್ ನಿಮ್ದು. ಬರ್ಲಿಲ್ಲಂದ್ರ ಮತ್ತ ನನ್ನ ಮುಂದ ಬಂದು ಅಳಬ್ಯಾಡ್ರಿ."

ಜನಗಾಂವ್ ಅಂಗಡಿಯೆಂದರೆ ಲೈನಿನಲ್ಲೇ ದೊಡ್ಡದು. ಅದೊಂದು ಅಂಗಡಿ ಹಿಡಿದರೆ ಉಳಿದವು ಹಿಂದೆ ಬರುತ್ತವೆ, ಅದು ಬಿಟ್ಟರೆ ಉಳಿದವು ಇದ್ದೂ ಇಲ್ಲ.

ನಾನು ಮದುವೆಯಾಗಿ ಬಂದಾಗಿನಿಂದ ಮಲ್ಕಾಜ್‌ಗಿರಿಯಲ್ಲೇ ಇದ್ದೇನೆ. ಇಷ್ಟು ವರ್ಷ ತೆಲುಗು ಕಲಿಯದೆ ಹೇಗಿದ್ದೆ ಎಂದು ಕೇಳಿದರೆ, ಬೇಕಾಗಲಿಲ್ಲ ಎನ್ನುವುದೇ ನಿಜ. ಪಕ್ಕದ ಮನೆಗಳಲ್ಲಿ ರೈಲ್ವೆಯವರು, ಅವರೊಡನೆ ಹಿಂದಿ. ತರಕಾರಿ ಗಾಡಿಯವನೊಡನೆ ಹಿಂದಿ. ಮನೆಯೊಳಗೆ ನಮ್ಮ ಮಾತು. ದೇವರಿಗೆ ಯಾವುದಾದರೂ ನಡೆಯುತ್ತದೆ. ತೆಲುಗು ಸುತ್ತಲೂ ಇತ್ತು, ಪಕ್ಕದ ಮನೆಯ ರೇಡಿಯೋ ಇದ್ದ ಹಾಗೆ. ಕೇಳಿಸುತ್ತಿತ್ತು, ಕೇಳಿರಲಿಲ್ಲ.

ಆ ಶ್ರಾವಣದಲ್ಲಿ ನಮ್ಮ ತಿರುಗಾಟ ಶುರುವಾಯಿತು. ನಸುಕಿನಲ್ಲಿ ಎದ್ದು ಪೂಜೆ, ರೊಟ್ಟಿ, ಪಲ್ಯ, ಬುತ್ತಿ. ಆಟೋ ಹಿಡಿದು ಸಿಕಂದರಾಬಾದು. ಗಂಟು ಹೊತ್ತು ಆ ಸ್ಟೇಷನ್ನಿನ ಸೇತುವೆ ಹತ್ತುವಷ್ಟರಲ್ಲಿ ಮೊಣಕಾಲು ದಿನದ ಲೆಕ್ಕ ಮುಗಿಸಿಬಿಡುತ್ತಿತ್ತು. ಉಳಿದ ದಿನವನ್ನು ನಾನು ಬರೀ ಹಟದ ಮೇಲೆ ನಡೆಯುತ್ತಿದ್ದೆ. ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿಯ ಜಾಗ ಸಿಕ್ಕರೆ ಅದು ತಾಯಿಯ ಕೃಪೆ. ಸಿಗದಿದ್ದರೆ ಗಂಟಿನ ಮೇಲೆ ಕುಳಿತುಕೊಳ್ಳುವುದು. ಅದರೊಳಗಿದ್ದದ್ದು ಸೀರೆಯಾದ್ದರಿಂದ ಮೆತ್ತಗಿತ್ತು, ಅದೂ ಒಂದು ಕೃಪೆಯೇ.

ತೆಲುಗು ಕಲಿಸಬೇಕಾದ ಮೇಷ್ಟ್ರು ಎದುರಿಗೇ ಕೂತಿದ್ದರು, ಬಾಯಿ ತೆರೆಯುವಂತಿರಲಿಲ್ಲ. ನಾನು ಒಂದು ಮಾತು ಆಡುವುದು, ಅವರ ಮುಖ ನೋಡುವುದು. ಸರಿಯಾದರೆ ಕಣ್ಣು ಮುಚ್ಚುತ್ತಿದ್ದರು. ತಪ್ಪಾದರೆ ಹಲ್ಲುನೋವು ಬಂದವರಂತೆ ಮುಖ ಮಾಡುತ್ತಿದ್ದರು. ಏನು ತಪ್ಪು ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಒಮ್ಮೆ ಆಲೇರಿನ ಹತ್ತಿರ ನನಗೂ ಸಿಟ್ಟು ಬಂದು, "ಹಂಗ ಮಾರಿ ಮಾಡಬ್ಯಾಡ್ರಿ, ಡಬ್ಬ್ಯಾಗಿನ ಹೆಣ್ಣ್ಮಕ್ಳು ನಾ ನಿಮ್ಮನ್ನ ಹೊಡಿತೀನಿ ಅಂತ ತಿಳ್ಕೊಂಡಾರು" ಎಂದೆ. ಅವರು ನಕ್ಕುಬಿಟ್ಟರು. ನಗುವಿಗೂ ದನಿ ಇರಲಿಲ್ಲ, ಭುಜ ಮಾತ್ರ ಅಲುಗಾಡಿತು. ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

ಹಾಗೂ ಹೀಗೂ ಸೀರೆಯ ತೆಲುಗು ನನಗೆ ಬಂತು. ಅಂಚು ನಮ್ಮಲ್ಲೂ ಅಂಚೇ. ಸೆರಗು ಮಾತ್ರ ಕೊಂಗು. ರಂಗು ಪೋದು ಎಂದರೆ ಬಣ್ಣ ಹೋಗುವುದಿಲ್ಲ. ಅಂಗಡಿಯೊಳಗೆ ನಮ್ಮದೊಂದು ಪದ್ಧತಿಯಾಯಿತು. ಅವರು ಸೀರೆ ಬಿಚ್ಚುವುದು, ನಾನು ಹೇಳುವುದು, ಜಮಖಾನೆಯ ಮೇಲೆ ಒತ್ತಾಗಿ ಕುಳಿತು ಅವರು ಕಾಲಿನ ಹೆಬ್ಬೆರಳಿನಿಂದ ನನ್ನ ಕಾಲು ಒತ್ತುವುದು. ಒತ್ತಿದರೆ, ಸಾಕು, ಇಲ್ಲಿಗೆ ನಿಲ್ಲಿಸು ಎಂದರ್ಥ. ರೇಟು ಇಳಿಸಲು ಹೊರಟಾಗಲೆಲ್ಲ ಆ ಹೆಬ್ಬೆರಳು ನನ್ನನ್ನು ಕಾಯ್ದಿದೆ.

ಜನಗಾಂವ್ ಅಂಗಡಿಯನ್ನು ನಡೆಸುವವರು ಗಂಡ ಹೆಂಡತಿ ಇಬ್ಬರು. ದುಡ್ಡಿನ ಗಲ್ಲೆಯ ಮೇಲೆ ಗಂಡ. ಸೀರೆ ಆರಿಸುವುದು, ಬೇಡ ಎನ್ನುವುದು ಹೆಂಡತಿ. ಆಕೆ ನನಗಿಂತ ಹತ್ತಾರು ವರ್ಷ ಚಿಕ್ಕವಳಿರಬೇಕು. ಬಾಗಿಲ ಹತ್ತಿರ ಬೆತ್ತದ ಮೋಡಾದ ಮೇಲೆ ಆಕೆಯ ಅತ್ತೆ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಅವರಾಡುತ್ತಿದ್ದದ್ದು ತೆಲುಗು, ಆದರೆ ನಾನು ನನ್ನ ಕಿವಿಗೆ ತಿಳಿದಂತೆ ನನ್ನ ಮಾತಿನಲ್ಲೇ ಬರೆಯುತ್ತಿದ್ದೇನೆ.

ಮೊದಲ ದಿನ ನಾನು ಮಾತು ಮುಗಿಸುವ ತನಕ ಆ ಮುದುಕಿ ಸುಮ್ಮನೆ ಕೇಳಿದಳು. ಆಮೇಲೆ ಸೊಸೆಗೆ ಹೇಳಿದಳು: "ಈಕಿ ತೆಲುಗು ಹಳ್ಳ ಕಲ್ಲು ಆರಸದ ಅಕ್ಕಿ ಇದ್ದಂಗ ಐತಿ. ಹೊಟ್ಟಿ ತುಂಬ್ತೈತಿ, ಹಲ್ಲು ಮುರೀತೈತಿ."

ಸೊಸೆ ನಕ್ಕಳು, ಆದರೆ ಬಿಟ್ಟುಕೊಡಲಿಲ್ಲ. "ಇರ್ಲಿ ಬಿಡು ಅತ್ತಿ, ಆರಸೂಣು" ಎಂದು ನನ್ನ ಒಂದೊಂದು ಮಾತನ್ನೂ ತಿದ್ದತೊಡಗಿದಳು. ಹೋದಾಗಲೆಲ್ಲ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದಳು, ನನ್ನಿಂದ ಹೇಳಿಸುತ್ತಿದ್ದಳು. ಎರಡನೇ ಸಲ ಹೋದಾಗ ನೀರು ಕೊಟ್ಟಳು, ಮೂರನೇ ಸಲ ಪರದೆಯ ಆಚೆ ಕರೆದು ಅನ್ನ ಬಡಿಸಿದಳು. ದಸರೆಯ ಆರ್ಡರು ಶ್ರಾವಣ ಮುಗಿಯುವುದರೊಳಗೆ ಹೇಳುತ್ತೇನೆ ಎಂದಿದ್ದಳು.

ಆ ದಿನ ಶ್ರಾವಣದ ಕೊನೆಯ ಶುಕ್ರವಾರ. ಅವಳು ಸುಮಾರು ಸೀರೆಗಳನ್ನು ಆರಿಸಿ ಒಂದು ಕಡೆ ಇಟ್ಟಿದ್ದಳು. ಎಷ್ಟು ಬೇಕು ಎಂದು ಹೇಳುವುದಷ್ಟೇ ಬಾಕಿ. ಅದಕ್ಕೂ ಮೊದಲು ಊಟ ಹಾಕಿದಳು, ಕುಂಕುಮ ಹಚ್ಚಿದಳು. ಶ್ರಾವಣ ಶುಕ್ರವಾರ, ಮುತ್ತೈದೆಯ ಮನೆಯಲ್ಲಿ ಉಂಡು, ಕುಂಕುಮ ಹಚ್ಚಿಸಿಕೊಂಡು ಬರಿಗೈಯಲ್ಲಿ ಏಳುವುದೆಂದರೆ ನಮ್ಮ ಕಡೆ ಯಾರೂ ಮಾಡುವುದಿಲ್ಲ. ನಾನು ಪಕ್ಕದ ಕಿರಾಣಿ ಅಂಗಡಿಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಎಲೆ ಅಡಿಕೆ ತಂದೆ. ನನಗೆಂದು ಇಟ್ಟುಕೊಂಡಿದ್ದ ಒಂದು ಖಣ ಗಂಟಿನಲ್ಲಿತ್ತು, ಅದನ್ನೂ ತೆಗೆದೆ. ಅವಳನ್ನು ಪೂರ್ವಕ್ಕೆ ಕೂರಿಸಿ ಸೆರಗು ಹಿಡಿ ಎಂದು ಸನ್ನೆ ಮಾಡಿದೆ. ಅವಳು ಯಾಕೆ ಎಂದು ತಿಳಿಯದೆ ಹಿಡಿದಳು.

ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡಾಗ ನಮ್ಮವರ ಹೆಬ್ಬೆರಳು ನನ್ನ ಕಾಲನ್ನು ಜೋರಾಗಿ ಒತ್ತಿತು. ರೈಲಿಗೆ ಹೊತ್ತಾಯಿತು ಎನ್ನುತ್ತಿದ್ದಾರೆ ಎಂದುಕೊಂಡೆ. ಮತ್ತೆ ಒತ್ತಿದರು, ಉಗುರು ನಾಟುವ ಹಾಗೆ. "ಇರ್ರಿ, ಆತು" ಎಂದು ಹೇಳಿ ನಾನು ಉಡಿ ತುಂಬಿಯೇ ಬಿಟ್ಟೆ. ಹಣೆಗೆ ಕುಂಕುಮವಿಟ್ಟು ತಲೆಯ ಮೇಲೆ ಕೈಯಿಟ್ಟೆ.

ಅತ್ತೆ ಮೋಡಾದಿಂದ ಎದ್ದು ನಿಂತಿದ್ದಳು.

"ಏನ್ ಮಾಡಿದಿ ನೀನು? ಯಾರ್ ಹೇಳಿದ್ರು ನಿನಗ ಇದನ್ನ ಮಾಡಂತ?"

ಸೊಸೆ ಸೆರಗು ಬಿಡಲೂ ಇಲ್ಲ, ಗಂಟು ಹಾಕಿಕೊಳ್ಳಲೂ ಇಲ್ಲ. ಅಕ್ಕಿಯನ್ನೇ ನೋಡುತ್ತಿದ್ದಳು. ಮುದುಕಿಯ ಮಾತು ಜೋರಾಯಿತು. ಅದರಲ್ಲಿ ಅರ್ಧ ನನಗೆ ಗೊತ್ತಾಯಿತು, ಅರ್ಧ ಮೇಲೆ ಹಾದುಹೋಯಿತು. ಗೊತ್ತಾದ ಅರ್ಧ ಇಷ್ಟು: "ಇವಳ ಅಣ್ಣ ತಮ್ಮಂದಿರೇ ಈ ಕಡಿ ಮಾರಿ ಹಾಕಿಲ್ಲ. ಅವ್ವ ಅಪ್ಪ ಹೋದ ಮ್ಯಾಲೆ ಒಂದ ಕಾಳು ಅಕ್ಕಿ ಬಂದಿಲ್ಲ ಆ ಮನಿಯಿಂದ. ಸೀರಿ ಮಾರಾಕ ಬಂದಾಕಿ ನೀ ಬಂದು ಹಾಕ್ತಿ? ನಗಚಾಟಿಗಿ ಏನು?"

ಸೊಸೆ ಉಡಿ ಹಿಡಿದುಕೊಂಡೇ ಎದ್ದು ಪರದೆಯ ಆಚೆ ಹೋದಳು. ಅವಳ ಗಂಡ ಗಲ್ಲೆಯಿಂದ ಇಳಿದು ಬಂದು, ಆರಿಸಿಟ್ಟ ಸೀರೆಗಳನ್ನು ಮೆಲ್ಲಗೆ ಮಡಿಚಿ ನಮ್ಮ ಗಂಟಿನ ಮೇಲೆ ಇಟ್ಟ. "ಇವತ್ತು ಬ್ಯಾಡಮ್ಮ" ಎಂದ.

ನನಗೆ ಸೆರಗಿನ ತೆಲುಗು ಗೊತ್ತಿತ್ತು. ಬಣ್ಣ ಹೋಗುವುದಿಲ್ಲ ಎನ್ನುವುದು ಗೊತ್ತಿತ್ತು. ತಪ್ಪಾಯಿತು, ತಿಳಿಯದೆ ಮಾಡಿದೆ, ನಮ್ಮ ಕಡೆ ಇದು ಎಲ್ಲ ಮುತ್ತೈದೆಯರಿಗೂ ಮಾಡುವುದು ಎನ್ನಲು ಒಂದು ಪದವೂ ಇರಲಿಲ್ಲ. ಹಿಂದಿಯಲ್ಲಿ ಏನೋ ಹೇಳಲು ಹೋದೆ. ಮುದುಕಿ ಕೈ ಅಡ್ಡ ಹಿಡಿದಳು.

ರೈಲಿನಲ್ಲಿ ಪಕ್ಕ ಕುಳಿತ ಒಬ್ಬ ಹೆಣ್ಣುಮಗಳು ನನ್ನ ಮುಖ ನೋಡಿ ಹಿಂದಿಯಲ್ಲಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಎರಡೂ ಕೈ ಗಲ್ಲಕ್ಕೆ ಹಚ್ಚಿಕೊಂಡಳು. ತೆಲಂಗಾಣದಲ್ಲಿ ಒಡಿಬಿಯ್ಯಂ, ಅಂದರೆ ಉಡಿಯ ಅಕ್ಕಿ, ತವರಿನವರು ಮಾತ್ರ ಮಗಳಿಗೆ ಹಾಕುವುದಂತೆ. ಮೂರನೇ ವರ್ಷ, ಐದನೇ ವರ್ಷ, ಹಾಗೆ ಬೆಸ ವರ್ಷಗಳಲ್ಲಿ ಹಾಕಬೇಕಂತೆ. ಅಳಿಯನಿಗೆ ಬಟ್ಟೆ ಕೊಡಬೇಕು, ಆ ಅಕ್ಕಿಯನ್ನು ಅತ್ತೆಮನೆಯಲ್ಲಿ ಬೇಯಿಸಿ ಓಣಿಯವರಿಗೆಲ್ಲ ಉಣಿಸಬೇಕು. ತವರು ಕೈಬಿಟ್ಟವಳಿಗೆ ಅದು ಬರುವುದಿಲ್ಲ. ಹೊರಗಿನವರು ಹಾಕಿದ್ದನ್ನು ತಾನು ಹುಟ್ಟಿದಾಗಿನಿಂದ ಕೇಳಿಲ್ಲವಂತೆ.

ನಾನು ನಮ್ಮವರ ಕಡೆ ತಿರುಗಿದೆ. "ನಿಮಗ ಗೊತ್ತಿತ್ತೇನ್ರಿ?"

ಅವರು ಹೌದೆಂದು ತಲೆಯಾಡಿಸಿದರು. ಆಮೇಲೆ ತಮ್ಮ ಗಂಟಲನ್ನು ಮುಟ್ಟಿಕೊಂಡು, ಗಟ್ಟಿಯಾಗಿ ಒಮ್ಮೆ ಗುದ್ದಿಕೊಂಡರು. ನಾನು ಆ ಕೈಯನ್ನು ಹಿಡಿದು ಕೆಳಗೆ ಇಳಿಸಿದೆ. ಭೋನಗೀರ್ ಬರುವವರೆಗೂ ಬಿಡಲಿಲ್ಲ.

ಮುಂದಿನ ದಿನಗಳು ಹೇಗೆ ಹೋದವೋ. ಸಾಹುಕಾರರ ಫೋನು ಬರುತ್ತಿತ್ತು, "ಜನಗಾಂವ್ ಏನಾತು ತಂಗೀ?" "ಬರ್ತೈತ್ರಿ" ಎನ್ನುತ್ತಿದ್ದೆ. ಗದಗಿನಲ್ಲಿರುವ ಮಗಳಿಗೆ ಹೇಳಿದರೆ ಅವಳದು ಬೇರೆಯೇ ಹಾಡು. "ಯವ್ವಾ, ನನಗ ಉಡಿ ತುಂಬಿ ಎಷ್ಟ್ ದಿನ ಆತು ನೆನಪೈತಿ? ಊರ ಮಂದಿಗೆಲ್ಲಾ ತುಂಬ್ಕೊಂತ ಹೊಂಟೀಯೇನ್?" ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, ತಾಯೀ, ನಾನು ನಿನ್ನ ಹೆಸರಿನಲ್ಲಿ ಮಾಡಿದ್ದಲ್ಲವೇ ಎಂದು ಕೇಳಿಕೊಂಡೆ. ಚೌತಿಗೆ ಗಣಪತಿಯನ್ನು ತಂದು ಕೂರಿಸಿದೆ, ಕಡುಬು ಮಾಡಿದೆ. ಆ ಸಲ ಒಂದೂ ಒಡೆಯಲಿಲ್ಲ.

ಚೌತಿಯ ಮರುದಿನ ಜನಗಾಂವ್‌ನಿಂದ ಫೋನು ಬಂತು. ಆ ಮುದುಕಿ. ಎದುರಿಗಿದ್ದರೆ ಕೈ ಬಾಯಿ ನೋಡಿ ಅರ್ಥ ಮಾಡಿಕೊಳ್ಳಬಹುದು, ಫೋನಿನಲ್ಲಿ ಬರೀ ಮಾತು. ನಿಧಾನವಾಗಿ ಹೇಳಿ ಎಂದು ಬೇಡಿಕೊಂಡೆ. ನಿಧಾನವಾಗಿಯೇ ಹೇಳಿದಳು, ಮಕ್ಕಳಿಗೆ ಹೇಳುವ ಹಾಗೆ.

"ನೀ ಹಾಕಿದ ಅಕ್ಕಿ ದೇವರ ಮುಂದ ಇಟ್ಟಾಳ. ಯಾರಿಗೂ ಮುಟ್ಟಾಕ ಕೊಡವಲ್ಲಳು. ನಾ ಬೈದೆ, ನನ್ನ ಮಗಾ ಬೈದ. ಕೇಳವಲ್ಲಳು. ಹಾಕಿದ ಅಕ್ಕಿ ಹಂಗ ಇಡಾಕ ಬರಂಗಿಲ್ಲ. ಬೇಯಿಸಬೇಕು, ಇಲ್ಲಾ ಹಾಕಿದವರು ವಾಪಸ್ ಒಯ್ಯಬೇಕು. ಬೇಯಿಸೂದಾದ್ರ ಹಾಕಿದವರು ಕೂಡಬೇಕು, ಅಳಿಯಾಗ ಬಟ್ಟಿ ತರಬೇಕು. ಐತವಾರ. ಬರ್ತೀರೋ, ಒಯ್ತೀರೋ?"

ಫೋನನ್ನು ಸ್ಪೀಕರಿಗೆ ಹಾಕಿದ್ದೆ. ನಮ್ಮವರು ಎದುರಿಗೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದರು. ಅವರು ಮೂಲೆಯಲ್ಲಿದ್ದ ಗಂಟನ್ನು ತೋರಿಸಿದರು, ಆಮೇಲೆ ಕೈಯನ್ನು ಅಡ್ಡಡ್ಡ ಆಡಿಸಿದರು. ನನಗೆ ತಿಳಿಯಿತು. ಮಗಳ ಮನೆಗೆ ಯಾರೂ ವ್ಯಾಪಾರಕ್ಕೆ ಹೋಗುವುದಿಲ್ಲ. ತವರಿನವರು ಎಂದು ಹೋದರೆ ಗಂಟು ಒಯ್ಯುವಂತಿಲ್ಲ. ಗಂಟು ಒಯ್ದರೆ ಆ ಹೆಣ್ಣುಮಗಳ ಉಡಿ ಆರ್ಡರಿಗಾಗಿ ತುಂಬಿದ್ದು ಎಂದಾಗುತ್ತದೆ. ಆ ಮನೆಯಿಂದ ಆರ್ಡರು ಬರದಿದ್ದರೆ ಲೈನು ಹೋಯಿತು. ಅಕ್ಕಿ ವಾಪಸು ತಂದುಬಿಟ್ಟರೆ ಬಹುಶಃ ಎಲ್ಲ ಮೊದಲಿನಂತೆ ಆಗುತ್ತಿತ್ತು. ಗಿರಾಕಿ ಗಿರಾಕಿಯಾಗಿ, ನಾವು ನಾವಾಗಿ.

ತುಂಬಿದ ಉಡಿಯನ್ನು ತಿರುಗಿ ಕೇಳುವುದನ್ನು ನಾನು ಹೇಗೆ ಮಾಡಲಿ? ನಮ್ಮವರ ಮುಖ ನೋಡಿದೆ. ಅವರು ಬಹಳ ಹೊತ್ತು ಗಂಟನ್ನೇ ನೋಡಿ, ಕಡೆಗೆ ಕಣ್ಣು ಮುಚ್ಚಿದರು.

"ವಸ್ತಂ" ಎಂದೆ ಫೋನಿಗೆ. ಬರುತ್ತೇವೆ. ಒಂದೇ ಪದ, ಅದು ಸರಿಯಾಗಿಯೇ ಬಂತು.

ಐತವಾರ ಗಂಟಿಲ್ಲದೆ ರೈಲು ಹತ್ತಿದೆವು. ಹೊರೆ ಇಲ್ಲದಿದ್ದರೂ ಸೇತುವೆಯ ಮೇಲೆ ನಾನು ಎರಡು ಕಡೆ ನಿಲ್ಲಬೇಕಾಯಿತು. ಕೈಯಲ್ಲಿ ಧೋತ್ರ, ಶಲ್ಯ, ಒಂದು ಶರ್ಟು ಪೀಸು, ಡಬ್ಬಿಯಲ್ಲಿ ಕರದಂಟು.

ಮನೆಯ ತುಂಬ ಓಣಿಯ ಹೆಣ್ಣುಮಕ್ಕಳಿದ್ದರು. ಸೊಸೆ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು, ನನ್ನ ಮುಖ ಮಾತ್ರ ನೋಡಲಿಲ್ಲ. ಅವಳ ಗಂಡನಿಗೆ ಬಟ್ಟೆ ಕೊಟ್ಟಾಗ ಅವನು ಧೋತ್ರ ಬಿಚ್ಚಿ ಎಲ್ಲರಿಗೂ ಕಾಣುವಂತೆ ಹಿಡಿದ.

"ಅತ್ತಮ್ಮಾ, ಇದನ್ನ ಉಟ್ಕೊಂಡು ನಾ ಬೈಕ್ ಹ್ಯಾಂಗ ಹೊಡೀಲಿ? ಅಳಿಯಾ ಅಂದ್ರ ಮುದುಕಾ ಅಂತ ತಿಳಿದೀಯೇನು?"

ಹೆಂಗಸರೆಲ್ಲ ನಕ್ಕರು. ಅದರಲ್ಲಿ ಒಬ್ಬಳು ನನ್ನನ್ನು ತೋರಿಸಿ, ಇವರು ಏನಾಗಬೇಕು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಪಾತ್ರೆಯ ಮೇಲೆ ಬಗ್ಗಿದ್ದ ಸೊಸೆ ಹೇಳಿದಳು:

"ನನ್ನ ತವರಿನವರು. ಮಲ್ಕಾಜ್‌ಗಿರಿ."

ಅಷ್ಟೇ ಹೇಳಿ ಅನ್ನ ಬಡಿಸುತ್ತ ಹೋದಳು. ಅಕ್ಕಿ ಬಹಳ ಇರಲಿಲ್ಲ, ನಾನು ತಂದದ್ದು ಐದು ಬೊಗಸೆ ಮಾತ್ರ. ಅವರು ತಮ್ಮ ಅಕ್ಕಿ ಬೆರೆಸಿ ಬೇಯಿಸಿದ್ದರು. ಅರಿಸಿನ ಹತ್ತಿದ ಕಾಳುಗಳು ಅನ್ನದಲ್ಲಿ ಅಲ್ಲಲ್ಲಿ ಕಾಣುತ್ತಿದ್ದವು. ನಮ್ಮವರು ಉಣ್ಣುತ್ತ ಉಣ್ಣುತ್ತ ಕಣ್ಣೊರೆಸಿಕೊಂಡರು. ಖಾರ ಬಹಳವಾಯಿತೇನೋ ಎಂದು ಯಾರೋ ನೀರು ತಂದರು.

ಹೊರಡುವಾಗ ಸೊಸೆ ಅಂಗಡಿಯ ಬಾಗಿಲ ತನಕ ಬಂದಳು.

"ಗಂಟೆಲ್ಲಿ?"

"ತಂದಿಲ್ಲ" ಎಂದೆ.

"ತಂದಿಲ್ಲಾ?" ಅವಳ ದನಿ ಏರಿತು. "ಹಬ್ಬ ಬಂದು ನಿಂತೈತಿ, ಅಂಗಡಿ ಕಪಾಟು ಖಾಲಿ ಐತಿ. ಗಿರಾಕಿಗೆ ನಾ ಏನ್ ನಿಮ್ಮ ಕರದಂಟು ತೋರಸ್ಲೇನು?"

ನಾನು ನನಗಿದ್ದ ಅಷ್ಟೂ ತೆಲುಗು ಒಟ್ಟುಗೂಡಿಸಿ ಹೇಳಿದೆ: ಮಗಳ ಮನೆಗೆ ಗಂಟು ತರುವುದು ಹೇಗೆ ಎಂದು. ಹಳ್ಳ ಕಲ್ಲು ಎಲ್ಲ ಸೇರಿಯೇ ಬಂದಿರಬೇಕು. ಮುದುಕಿ ಹಿಂದಿನಿಂದ ಬಂದಳು.

"ಮನಿಗೆ ಎರಡು ಬಾಗಲಾ ಅದಾವಲ್ಲ. ಹಿಂದಿಂದ ಬಂದ್ರ ತವರು, ಮುಂದಿಂದ ಬಂದ್ರ ಯಾಪಾರ. ನಾಳಿ ಮುಂದಿಂದ ಬಾ." ಆಮೇಲೆ ನನ್ನ ತೋಳು ಹಿಡಿದು, "ಒಮ್ಮಿ ಹಾಕಿ ಬಿಡೂದಲ್ಲ, ತಿಳೀತಾ? ಮೂರನೇ ವರ್ಷಕ್ಕ ಮತ್ತ ಹಾಕಬೇಕು. ಆಗ ಅಕ್ಕಿ ಸರಿಯಾಗಿ ತರಬೇಕು. ಏನ್, ಗುಬ್ಬಿಗೆ ಹಾಕಿದಂಗ!"

ಮರುದಿನ ಮುಂದಿನ ಬಾಗಿಲಿನಿಂದ ಹೋದೆವು. ನಾವು ಹೋಗದಿದ್ದ ಆ ನಡುವೆ ಬೇರೆ ಏಜೆಂಟನೊಬ್ಬ ಬಂದು ಆರ್ಡರು ಹಿಡಿದು ಹೋಗಿದ್ದ. ಹಾಗಾಗಿ ಆರ್ಡರು ಹಿಂದಿನ ವರ್ಷದ ಅರ್ಧವಾಯಿತು. ಸಾಹುಕಾರರು ಅದನ್ನು ಹಿಡಿದುಕೊಂಡು ಬಹಳ ಹೊತ್ತು ಗಡ್ಡ ಕೆರೆದರು.

"ಅರ್ಧ ಬಂತು, ಅರ್ಧ ಲೈನ್ ನಿಮ್ದು. ಜನಗಾಂವ್ ತನಕ ನೀವು. ಮುಂದ ಕಾಜಿಪೇಟಿ ನಮ್ಮ ಹುಡುಗಾ ನೋಡ್ಲಿ."

ಕಾಜಿಪೇಟೆ ನಮ್ಮವರು ಮೊಟ್ಟಮೊದಲು ಗಿರಾಕಿ ಕಟ್ಟಿದ ಊರು. ನಾನು ಮಾತ್ರ, ಪೂರ್ತಿ ಹೋಗಲಿಲ್ಲವಲ್ಲ ತಾಯೀ ಎಂದುಕೊಂಡೆ. ತಿರುಗಾಟ ಒಂದು ಊರು ಕಡಿಮೆಯಾಯಿತು ಎಂದು ಮೊಣಕಾಲು ಸಮಾಧಾನ ಪಟ್ಟಿದ್ದೂ ಸುಳ್ಳಲ್ಲ.

ದಸರೆ ಮುಗಿದ ಮೇಲೆ ಡಾಕ್ಟರು ಮಾತಾಡಿ ಎಂದರು. ನಮ್ಮವರು ಮಾತಾಡಿದರು. ಬಂದದ್ದು ದನಿಯಲ್ಲ, ಬಟ್ಟೆ ಹರಿದಂಥ ಒಂದು ಸದ್ದು. ಇನ್ನು ಇಷ್ಟೇ ಎಂದರು ಡಾಕ್ಟರು. ಮನೆಯೊಳಗೆ ನನಗೆ ಅದು ಸಾಕು. ನನ್ನ ಹೆಸರು ಹಿಡಿದು ಕರೆದದ್ದು ಅಡುಗೆಮನೆಯವರೆಗೂ ಕೇಳಿಸುತ್ತದೆ.

ದೀಪಾವಳಿಗೆ ಮೊದಲು ಜನಗಾಂವ್‌ಗೆ ಹೋದಾಗ ಅವರು ಜಮಖಾನೆಯ ಮೇಲೆ ಸರಿಯಾಗಿ ಕುಳಿತು, ಕೊರಳು ಸರಿಮಾಡಿಕೊಂಡು, ಹಳೆಯ ಹಾಗೆ ಶುರುಮಾಡಿದರು. ನಾನು ಹಿಂದೆ ಗೋಡೆಗೆ ಒರಗಿ ಕಾಲು ಚಾಚಿದೆ. ಎಷ್ಟೋ ತಿಂಗಳ ಮೇಲೆ ಯಾರದೋ ಅಂಗಡಿಯಲ್ಲಿ ಕಾಲು ಚಾಚಿ ಕುಳಿತದ್ದು. ಹೊರಗೆ ಬಸ್ಸೊಂದು ಹಾರ್ನು ಹೊಡೆಯಿತು, ಗಿರಾಕಿಗಳು ಮಾತಾಡುತ್ತಿದ್ದರು. ನಮ್ಮವರ ಮಾತು ಆ ಗದ್ದಲದಲ್ಲಿ ಎಲ್ಲೋ ಹೋಯಿತು. ಸೊಸೆ ಮುಂದೆ ಬಾಗಿ ಕಿವಿಗೊಟ್ಟಳು, ಮತ್ತೆ ಬಾಗಿದಳು, ಆಮೇಲೆ ಬಹಳ ಮೃದುವಾಗಿ ನನ್ನ ಕಡೆ ತಿರುಗಿದಳು.

"ಅಮ್ಮಾ, ನೀನ ಹೇಳು."

ನಮ್ಮವರು ಸ್ವಲ್ಪ ಸರಿದು ನನಗೆ ಜಾಗ ಮಾಡಿ, ಕೆಂಪು ಸೆರಗಿನ ಒಂದು ಸೀರೆ ತೆಗೆದು ಒಂದೇ ಬೀಸಿಗೆ ಬಿಚ್ಚಿ ಹರಡಿದರು. ನಾನು ಕಾಲು ಮಡಿಚಿ ಎದ್ದು ಮುಂದೆ ಬಂದು ಕುಳಿತೆ. ಅಂಚಿನಿಂದ ಶುರುಮಾಡಿದೆ.